ಜೋಮು ಹಿಡಿದ ಬೆರಳು, ನೂರಿಪ್ಪತ್ತು ರೂಪಾಯಿ ಗ್ರಿಪ್ಪು

ಎರಡು ತಿಂಗಳಿಂದ ಇಲ್ಲಿ ಏನೂ ಬರೆದಿಲ್ಲ. "ಎಲ್ಲಿ ನಾಪತ್ತೆ?" ಅಂತ ಕೇಳಿದ ಗೆಳೆಯರಿಗೆಲ್ಲ "ಪರೀಕ್ಷೆ ರೀ, ಪೇಪರ್ ತಿದ್ದೋದಿತ್ತು" ಅಂತ ಸುಳ್ಳು ಹೇಳಿದ್ದೆ. ನಿಜ ಏನಪ್ಪಾ ಅಂದ್ರೆ, ಕೀಬೋರ್ಡ್ ಮೇಲೆ ಕೈ ಇಟ್ಟರೆ ಬಲಗೈ ತೋರುಬೆರಳು ಎಲ್ಲಿದೆ ಅಂತ ನನಗೇ ಗೊತ್ತಾಗ್ತಿರಲಿಲ್ಲ. ಒಂದು ದಿನ ಕ್ಲಾಸಿನಲ್ಲಿ ಬೋರ್ಡ್ ಮೇಲೆ ಬರೀತಾ ಇದ್ದಾಗ ಸೀಮೆಸುಣ್ಣ ಬಿದ್ದುಹೋಯ್ತು. ಬಿದ್ದದ್ದು ನನಗೆ ತಿಳಿದದ್ದು ಹುಡುಗರು ನಕ್ಕಾಗ. ಅವರ ಜೊತೆ ನಾನೂ ನಕ್ಕೆ. ಒಳಗೊಳಗೆ ಮಾತ್ರ ಪುಕುಪುಕು.

ನನ್ನ ಮನೆ ಹುಮನಾಬಾದ್, ನೌಕರಿ ಬಸವಕಲ್ಯಾಣ. ನಡುವೆ ಮೂವತ್ತು ಕಿಲೋಮೀಟರ್ ಆಸುಪಾಸು. ಹನ್ನೊಂದು ವರ್ಷದ ನೂರು ಸಿಸಿ ಬೈಕು ನನ್ನದು. ಹೈದರಾಬಾದ್-ಸೊಲ್ಲಾಪುರ ಹೆದ್ದಾರಿ ಹಿಡಿದು, ರಾಜೇಶ್ವರ ದಾಟಿ, ಸಸ್ತಾಪುರ ಬಂಗ್ಲಾದಲ್ಲಿ ಊರ ಕಡೆ ತಿರುಗಿದರೆ ಆಯ್ತು. ಈ ರಸ್ತೆ ಮುಂಚೆ ರಾಷ್ಟ್ರೀಯ ಹೆದ್ದಾರಿ 9 ಇತ್ತು, ಈಗ 65. ನಾಲ್ಕು ಪಥ ಆಗಿದೆ. ಗುಂಡಿ ಇದ್ದಾಗ ಬೈಯ್ಯುತ್ತಾ ಹೋಗ್ತಿದ್ದೆ. ಈಗ ಗುಂಡಿ ಇಲ್ಲ, ಕೈ ಜೋಮು ಬಂತು. ವಿಚಿತ್ರ ಅಲ್ವಾ? ಆಗ ಬ್ರೇಕು, ಕ್ಲಚ್ಚು, ಗೇರು ಅಂತ ಕೈ ಏನಾದ್ರೂ ಮಾಡ್ತಾ ಇರುತ್ತಿತ್ತು. ಈಗ ಅರವತ್ತರಲ್ಲಿ ಎಕ್ಸಲೇಟರ್ ತಿರುವಿ ಹಿಡಿದರೆ ಅರ್ಧ ಗಂಟೆ ಅದೇ ಹಿಡಿತ, ಅದೇ ಝುಂ ಅನ್ನೋ ನಡುಕ.

"ಏನ್ರೀ, ಮನಿಗಿ ಬಂದ್ ಕೂಡ್ಲೆ ಕೈ ಯಾಕ್ ಹಂಗ್ ಝಾಡಿಸ್ಲತೀರಿ?" ಅಂತ ಹೆಂಡತಿ ಕೇಳಿದಳು. ಏನಿಲ್ಲ ಅಂದೆ. ರಾತ್ರಿ ಮಲಗಿದಾಗಲೂ ಜೋಮು ಬಂದು ಎಚ್ಚರ ಆಗೋಕೆ ಶುರುವಾದ ಮೇಲೆ ಡಾಕ್ಟರ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆಯೇ "ಯಾವ ಬೆರಳು?" ಹೆಬ್ಬೆರಳು, ತೋರುಬೆರಳು, ನಡುಬೆರಳು ಅಂದೆ. ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಹಾಯ್ದು ಬರುವ ಒಂದು ನರ ಈ ಬೆರಳುಗಳನ್ನೂ ಉಂಗುರಬೆರಳಿನ ಅರ್ಧವನ್ನೂ ನೋಡ್ಕೊಳ್ತದಂತೆ. ಕಿರುಬೆರಳಿನ ನರ ಬೇರೆ. ಮಣಿಕಟ್ಟು ಬಗ್ಗಿಸಿ, ಬಿಗಿಯಾಗಿ ಹಿಡಿದು, ಮೇಲಿಂದ ನಡುಗಿಸಿದರೆ ಆ ನರಕ್ಕೆ ತ್ರಾಸು. "ಗಾಡಿ ಕಡಿಮೆ ಮಾಡ್ರಿ, ಇಲ್ಲಾ ಗಾಡಿ ಸರಿ ಮಾಡಿಸ್ರಿ" ಅಂದ್ರು. ಬಸ್ಸಿಗೆ ಹೋದರೆ ಮೊದಲ ಪೀರಿಯಡ್ ತಪ್ಪುತ್ತದೆ. ಹಾಗಾಗಿ ಎರಡನೇ ದಾರಿ ಹಿಡಿದೆ.

ಒಂದೇ ಸಿಲಿಂಡರಿನ ಎಂಜಿನ್ನು ನಡುಗೋದು ರೋಗವಲ್ಲ, ಅದರ ಹುಟ್ಟುಗುಣ. ಪಿಸ್ಟನ್ನು ಮೇಲೆ ಹೋಗಿ ನಿಂತು ಕೆಳಗೆ ಬರುತ್ತದೆ. ನಮ್ಮ ಗಾಡಿಗಳು ಅರವತ್ತರಲ್ಲಿ ಓಡುವಾಗ ನಿಮಿಷಕ್ಕೆ ಐದಾರು ಸಾವಿರ ಸುತ್ತು, ಅಂದ್ರೆ ಸೆಕೆಂಡಿಗೆ ತೊಂಬತ್ತು ಸಲದ ಆಸುಪಾಸು ಈ ಏರಿಳಿತ. ಅದನ್ನು ಸರಿದೂಗಿಸೋಕೆ ಕ್ರ್ಯಾಂಕಿಗೆ ಎದುರುಭಾರ ಹಾಕ್ತಾರೆ. ಆದರೆ ಆ ಭಾರ ಸುತ್ತುತ್ತದೆ. ಮೇಲೆ-ಕೆಳಗಿನ ನಡುಕ ಪೂರ್ತಿ ತೆಗೆಯೋಕೆ ಹೋದರೆ ಅಷ್ಟೇ ನಡುಕ ಹಿಂದೆ-ಮುಂದೆ ಹುಟ್ಟುತ್ತದೆ. ಹಾಗಾಗಿ ಅರ್ಧಂಬರ್ಧ ರಾಜಿ. ಕೆಲವು ಗಾಡಿಗಳಲ್ಲಿ ಉಲ್ಟಾ ತಿರುಗುವ ಇನ್ನೊಂದು ಬ್ಯಾಲೆನ್ಸರ್ ಶಾಫ್ಟ್ ಇಟ್ಟು ಇದನ್ನು ಅಳಿಸ್ತಾರೆ. ಹಳೇ ಬುಲೆಟ್‌ನಲ್ಲಿ ಅದಿರಲಿಲ್ಲ, 2021ರಲ್ಲಿ ಬಂದ ಹೊಸ ಕ್ಲಾಸಿಕ್ 350ರಲ್ಲಿ ಇದೆ. ನನ್ನ ಬಡಪಾಯಿ ನೂರು ಸಿಸಿಗೆ ಎಲ್ಲಿಂದ? ಇನ್ನೊಂದು ಲೆಕ್ಕ: ಈ ಬಲ ವೇಗದ ವರ್ಗದಷ್ಟು ಏರುತ್ತದೆ. ಅದೇ ಗೇರಿನಲ್ಲಿ ನಲವತ್ತರಿಂದ ಅರವತ್ತಕ್ಕೆ ಹೋದರೆ ಒಂದೂವರೆ ಪಟ್ಟು ಅಲ್ಲ, ಎರಡೂಕಾಲು ಪಟ್ಟು.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದೇನು? ಮೊದಲು ಹಳೇ ಸೈಕಲ್ ಟ್ಯೂಬು ಕತ್ತರಿಸಿ ಗ್ರಿಪ್ ಮೇಲೆ ಸುತ್ತಿದೆ. ನಮ್ಮ ಬೀದರ್ ಬಿಸಿಲಿಗೆ ಅದು ಅಂಟಂಟಾಗಿ ಅಂಗೈ ಕಪ್ಪು, ಅಂಗಿ ಕಪ್ಪು. ಆಮೇಲೆ ದಪ್ಪನೆ ಫೋಮ್ ಗ್ರಿಪ್. ದಪ್ಪ ಆಗಿದ್ದಕ್ಕೆ ಇನ್ನೂ ಬಿಗಿಯಾಗಿ ಹಿಡಿಯಬೇಕಾಯ್ತು, ಮುಂಗೈ ನೋವು ಶುರು. ಕೊನೆಗೆ ಹುಮನಾಬಾದಿನ ಅಂಗಡಿಯೊಂದರಲ್ಲಿ ನೂರಿಪ್ಪತ್ತು ರೂಪಾಯಿ ಕೊಟ್ಟು ಮೆತ್ತನೆ ರಬ್ಬರ್ ಗ್ರಿಪ್ ತಂದು, ಭಾನುವಾರ ನಾನೇ ಹಾಕಿದೆ. ಒಳಗೆ ಹೋಗಲಿಲ್ಲ. ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದು ಸವರಿದೆ. ಸರ್ರಂತ ಹೋಯ್ತು! ಎಂಥಾ ಬುದ್ಧಿವಂತ ನಾನು ಅಂದುಕೊಂಡೆ.

ಮುಂದಿನ ಭಾನುವಾರ ಬಸವಕಲ್ಯಾಣದಲ್ಲಿ ನೆಂಟರ ಮನೆ ಕಾರ್ಯ. ಹಿಂದೆ ಹೆಂಡತಿ, ನಡುವೆ ಆರು ವರ್ಷದ ಮಗ. ರಾಜೇಶ್ವರ ದಾಟಿದ ಮೇಲೆ ಪಕ್ಕದಲ್ಲಿ ಲಾರಿಯೊಂದು ಹಾಯ್ದಿತು. ಗಾಳಿಯ ಹೊಡೆತಕ್ಕೆ ಹ್ಯಾಂಡಲ್ ಗಟ್ಟಿ ಹಿಡಿದೆ. ಎಡಗೈ ಗ್ರಿಪ್ಪು ಹಾಗೇ ಜಾರಿ, ಪೂರ್ತಿ ಹೊರಗೆ ಬಂದು ನನ್ನ ಮುಷ್ಟಿಯಲ್ಲಿ ನಿಂತಿತು. ಹ್ಯಾಂಡಲ್ ಮೇಲೆ ಕೈಯೇ ಇಲ್ಲ. ಗಾಡಿ ಒಂದು ಸಲ ಲಾರಿ ಕಡೆ, ಒಂದು ಸಲ ಈ ಕಡೆ ವಾಲಾಡಿ ಹೇಗೋ ಮಣ್ಣಿಗೆ ಇಳಿದು ನಿಂತಿತು. ಬೀಳಲಿಲ್ಲ. ಯಾಕೆ ಬೀಳಲಿಲ್ಲ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಹೆಂಡತಿ ಇಳಿದಳು. ಮಗನನ್ನು ಇಳಿಸಿದಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾವಿಬ್ರೂ ಬಸ್ಸಿಗಿ ಬರ್ತೀವಿ. ನೀವು ಅದರ ಸಂಗಟ ಬರ್ರಿ" ಅಂದಳು. 'ಅದರ ಸಂಗಟ' ಅನ್ನುವಾಗ ನನ್ನ ಕೈಯಲ್ಲಿದ್ದ ಗ್ರಿಪ್ಪನ್ನು ನೋಡಿದಳು.

ಬಸವಕಲ್ಯಾಣ ಅಂದ್ರೆ ನಿಮಗೆಲ್ಲ ಬಸವಣ್ಣ, ಅನುಭವ ಮಂಟಪ, ಚಾಲುಕ್ಯರ ಕೋಟೆ ನೆನಪಾಗ್ತದೆ. ಲಾರಿಯವರಿಗೆ ನೆನಪಾಗೋದು ಆಟೋನಗರ. ಹಳೇ ಲಾರಿ ಬಿಚ್ಚೋದು, ಬಾಡಿ ಕಟ್ಟೋದು, ವೆಲ್ಡಿಂಗು, ಗ್ರೈಂಡಿಂಗು. ಅಲ್ಲಿ ಇಪ್ಪತ್ತು ವರ್ಷ ದುಡಿದು ಈಗ ಸ್ವಂತ ಬೈಕ್ ಅಂಗಡಿ ಇಟ್ಟಿರುವ ಉಸ್ತಾದರೊಬ್ಬರಿದ್ದಾರೆ. ಮರುದಿನ ಗಾಡಿ ಅವರ ಮುಂದೆ ನಿಲ್ಲಿಸಿ, ಒಳ್ಳೇ ಗ್ರಿಪ್ ಹಾಕಿಕೊಡಿ ಅಂದೆ.

"ಗ್ರಿಪ್ ಆಮ್ಯಾಲ ಸರ್. ಥರಥರ ಎಲ್ಲಿಂದ ಬರ್ಲತದ ಮೊದ್ಲ್ ನೋಡಮು."

ಗಾಡಿ ನಿಲ್ಲಿಸಿ ಶುರು ಮಾಡಿ ನಿಧಾನಕ್ಕೆ ರೇಸ್ ಮಾಡಿದ್ರು. ಟ್ಯಾಂಕು, ಚಾಸಿ, ಹ್ಯಾಂಡಲ್ಲು ಒಂದೊಂದೇ ಮುಟ್ಟಿ ನೋಡಿದ್ರು. ಒಂದು ಉದ್ದನೆ ಸ್ಕ್ರೂ ಡ್ರೈವರನ್ನು ಎಂಜಿನ್ ಬೋಲ್ಟಿಗೆ ತಾಗಿಸಿ ಇನ್ನೊಂದು ತುದಿ ಕಿವಿಗೆ ಇಟ್ಟುಕೊಂಡ್ರು. ಐದು ನಿಮಿಷದಲ್ಲಿ ಪಟ್ಟಿ ಬಂತು. ಎಂಜಿನ್ನನ್ನು ಚಾಸಿಗೆ ಹಿಡಿಯುವ ಮುಂದಿನ ನಟ್ಟು ಸಡಿಲ. ಹ್ಯಾಂಡಲ್ ಕ್ಲಾಂಪಿನ ಒಂದು ಬೋಲ್ಟು ಸಡಿಲ. ಎಡಗಡೆ ಹ್ಯಾಂಡಲ್ ತುದಿಯ ತೂಕದ ಗುಂಡು ಇಲ್ಲವೇ ಇಲ್ಲ, ಯಾವಾಗಲೋ ಎಲ್ಲೋ ಬಿದ್ದಿದೆ. ನಾನು ಅದನ್ನು ಬರೀ ಅಲಂಕಾರ ಅಂದುಕೊಂಡಿದ್ದೆ! ಹ್ಯಾಂಡಲ್ ಅಂದ್ರೆ ಒಂದು ತಂತಿ ಇದ್ದ ಹಾಗೆ, ತನ್ನದೇ ಒಂದು ಮಿಡಿತ ಇರುತ್ತದೆ. ಎಂಜಿನ್ನಿನ ಮಿಡಿತ ಅದಕ್ಕೆ ಕೂಡಿದರೆ ನಡುಕ ಬೆಳೀತದೆ. ತುದಿಯಲ್ಲಿ ತೂಕ ಇದ್ದರೆ ಆ ಕೂಡುವ ವೇಗ ಬದಲಾಗ್ತದೆ. ಅದು ಇದ್ದಿದ್ದರೆ ಗ್ರಿಪ್ಪು ಪೂರ್ತಿ ಕಳಚಿ ಬರ್ತಾ ಇರಲಿಲ್ಲ ಅನ್ನೋದು ಬೇರೆ ಮಾತು.

ಪಾನಾ ಹಿಡಿದು ಎಲ್ಲ ಬಿಗಿ ಮಾಡಿ, ಗುಂಡು ಹಾಕಿ, ಆಮೇಲೆ ಗ್ರಿಪ್. ಹಳೇದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆದ್ರು. ನನ್ನ ಕೊಬ್ಬರಿ ಎಣ್ಣೆ ನೋಡಿ ಏನೂ ಅನ್ನಲಿಲ್ಲ, ಮೂಸಿ ನೋಡಿ ನಕ್ಕರು ಅಷ್ಟೇ. ಪೈಪನ್ನು ಬಟ್ಟೆಯಿಂದ ಒರೆಸಿ, ಜಿಡ್ಡು ತೆಗೆದು, ಒಣಗಿಸಿ, ಹೊಸ ಗ್ರಿಪ್ ಒಳಗೆ ಸ್ವಲ್ಪ ಸೋಪಿನ ನೀರು ಬಿಟ್ಟು ತಿರುವುತ್ತಾ ತಳ್ಳಿದ್ರು. ಎಣ್ಣೆ ಒಳಗೇ ಉಳೀತದೆ, ಸೋಪಿನ ನೀರು ಒಣಗಿ ರಬ್ಬರ್ ಹಿಡಕೊಳ್ತದೆ. ಒಂದು ರಾತ್ರಿ ಗಾಡಿ ಮುಟ್ಟಬೇಡಿ ಅಂದ್ರು. ಇನ್ನೊಂದು ಮಾತು: ಎಡದ ಗ್ರಿಪ್ಪೂ ಬಲದ ಗ್ರಿಪ್ಪೂ ಒಂದೇ ಅಲ್ಲ. ಬಲಗಡೆ ಎಕ್ಸಲೇಟರಿನ ಪ್ಲಾಸ್ಟಿಕ್ ಕೊಳವೆಯ ಮೇಲೆ ಕೂರಬೇಕು, ಅದರ ತೂತು ದೊಡ್ಡದು. ನಾನು ಬಲದ್ದನ್ನು ಪೂರ್ತಿ ಒಳಗೆ ತಳ್ಳಿದ್ದಕ್ಕೆ ಅದು ಸ್ವಿಚ್ ಡಬ್ಬಿಗೆ ಉಜ್ಜುತ್ತಿತ್ತಂತೆ. ಒಂದಿಷ್ಟು ಸಂದು ಬಿಟ್ಟು, ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ, ಎರಡೂ ಕಡೆ ಎಕ್ಸಲೇಟರ್ ಬಿಟ್ಟ ಕೂಡಲೆ ಟಕ್ ಅಂತ ವಾಪಸ್ ಬರ್ತದಾ ಅಂತ ನೋಡಿದ್ರು. ನೀವೇ ಹಾಕುವವರಾದರೆ ಇದನ್ನು ಮಾತ್ರ ಮರೀಬೇಡಿ.

ಆಗ ಒಂದು ವಿಷಯ ಗಮನಿಸಿದೆ. ಉಸ್ತಾದರು ಗಾಡಿ ಮುಟ್ಟಿ ನೋಡುವಾಗ ಬೆರಳು ತಾಗಿಸಲೇ ಇಲ್ಲ, ಮಣಿಕಟ್ಟಿನ ಒಳಭಾಗ ತಾಗಿಸ್ತಿದ್ರು. ಯಾಕೆ ಅಂದೆ.

"ಬೊಟ್ಟಿಗಿ ಗೊತ್ತಾಗಂಗಿಲ್ರಿ ಸರ್. ಗ್ರೈಂಡರ್ ಹಿಡ್ದು ಹಿಡ್ದು ಸತ್ತು ಹೋಗ್ಯಾವ. ಛಳಿಗಾಲದಾಗ ಬೆಳ್ಳಗ್ ಆಗ್ತಾವ. ಚಾ ಬಿಸಿ ಅದ ಇಲ್ಲ ತುಟಿಗಿ ಹಚ್ಚಿದ ಮ್ಯಾಲೇ ತಿಳೀತದ."

ಮನೆಗೆ ಬಂದು ಓದಿದೆ. 1918ರಲ್ಲಿ ಅಮೆರಿಕದ ಇಂಡಿಯಾನಾದ ಬೆಡ್‌ಫರ್ಡ್ ಊರಿನಲ್ಲಿ ಗಾಳಿ ಸುತ್ತಿಗೆ ಹಿಡಿದು ಸುಣ್ಣಕಲ್ಲು ಕಡಿಯುವವರ ಬೆರಳು ಛಳಿಗೆ ಬೆಳ್ಳಗಾಗೋದನ್ನು ಆಲಿಸ್ ಹ್ಯಾಮಿಲ್ಟನ್ ಅನ್ನೋ ಡಾಕ್ಟರಮ್ಮ ಹೋಗಿ ನೋಡಿ ಬರೆದಿದ್ದರು. ಯುರೋಪಿನಲ್ಲಿ 2002ರ ನಿಯಮದಂತೆ ಕೈಗೆ ಬರುವ ನಡುಕಕ್ಕೆ ಎಂಟು ಗಂಟೆ ಕೆಲಸದ ಲೆಕ್ಕದಲ್ಲಿ ಮಿತಿ ಇದೆ: 2.5 ಮೀಟರ್ ಪ್ರತಿ ಸೆಕೆಂಡ್ ವರ್ಗ ದಾಟಿದರೆ ಕ್ರಮ ತಗೋಬೇಕು, 5 ದಾಟಲೇಬಾರದು. ನಮ್ಮ ಉಸ್ತಾದರ ಗ್ರೈಂಡರಿಗೆ ಯಾರೂ ಮೀಟರು ಹಿಡಿದಿಲ್ಲ. ನನ್ನ ಮೂರು ಬೆರಳಿನ ಜೋಮಿಗೆ ನಾನು ಎರಡು ತಿಂಗಳು ಊರೆಲ್ಲ ಗೋಳಾಡಿದ್ದೆ.

ಈಗ ಐವತ್ತರ ಮೇಲೆ ಹೋಗಲ್ಲ. ರಾಜೇಶ್ವರದಲ್ಲಿ ಚಾ ಕುಡಿಯೋಕೆ ನಿಲ್ತೀನಿ, ಕೈ ಬಿಚ್ಚಿ ಮುಚ್ಚಿ ಮಾಡ್ತೀನಿ. ಗ್ರಿಪ್ಪನ್ನು ಕೋಳಿಮರಿ ಹಿಡಿದ ಹಾಗೆ ಹಿಡೀತೀನಿ. ನಡುಕ ಪೂರ್ತಿ ಹೋಗಿಲ್ಲ, ಹೋಗೋದೂ ಇಲ್ಲ. ಆದರೆ ರಾತ್ರಿ ಜೋಮು ನಿಂತಿದೆ. ತೋರುಬೆರಳ ತುದಿ ಇನ್ನೂ ಸ್ವಲ್ಪ ಮಂದ. ಹೆಂಡತಿ ಇನ್ನೂ ಗಾಡಿ ಹತ್ತಿಲ್ಲ. ಮಗ ಹತ್ತಿದಾನೆ, ಊರೊಳಗೆ ಮಾತ್ರ.

ಉಸ್ತಾದರನ್ನು ನಮ್ಮ ಡಾಕ್ಟರ ಹತ್ತಿರ ಕರೆದೆ. "ಅಂಗಡಿ ಯಾರ್ ನೋಡ್ತಾರ್ರಿ?" ಅಂದ್ರು. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರ್ತದೆ ಅಂತ ಪತ್ತೆ ಹಚ್ಚಿದೀನಿ. ಬರುವ ಶುಕ್ರವಾರ ಅರ್ಧ ದಿನ ರಜೆ ಹಾಕ್ತೀನಿ.

ನೀವೂ ದಿನಾ ಗಾಡಿ ಓಡಿಸ್ತೀರಾ? ಯಾವ ಬೆರಳು ಜೋಮು ಬರ್ತದೆ, ಹೇಳಿ.