ಪ್ರಶ್ನಾರ್ಥಕ ಚಿಹ್ನೆಗಳ ಹಿಂದಿದ್ದ ಹೆಸರುಗಳು

ಡಿಬಿಎಂಎಸ್ ಲ್ಯಾಬಿನಲ್ಲಿ ನಾವು ಟೇಬಲ್ ಮಾಡ್ತೀವಿ, ಕ್ವೆರಿ ಬರೀತೀವಿ, ವೈವಾ ಮುಗಿಸ್ತೀವಿ. ಹೋದ ಡೇಟಾ ವಾಪಸ್ ತರೋದು ಹೇಗೆ ಅಂತ ಯಾರೂ ಕೇಳಲ್ಲ. ನಮ್ಮಿಬ್ಬರನ್ನು ಅದನ್ನು ಕೇಳಿದ್ದು ತುಬಚಿಯ ಕಾಕಾ.

ಅವರದು ಗೊಬ್ಬರದ ಅಂಗಡಿ. ರೈತರು ಉದ್ರಿ ಒಯ್ಯುತ್ತಾರೆ, ಕಬ್ಬಿನ ಬಿಲ್ ಬಂದ ಮೇಲೆ ಕೊಡುತ್ತಾರೆ. ಯಾರು ಎಷ್ಟು ಕೊಡಬೇಕು ಅನ್ನೋದೆಲ್ಲ ಮೈಎಸ್‌ಕ್ಯೂಎಲ್‌ನಲ್ಲಿತ್ತು. ಹಾರ್ಡ್ ಡಿಸ್ಕ್ ಸತ್ತಿತು. ಉಳಿದದ್ದು ಪೆನ್‌ಡ್ರೈವಿನಲ್ಲಿದ್ದ ಒಂದು ಡಂಪ್ ಫೈಲ್.

ಡಂಪ್ ಅಂದ್ರೆ ಬರೀ ಟೆಕ್ಸ್ಟ್: ಟೇಬಲ್ ಹೀಗೆ ಕಟ್ಟು, ಈ ಸಾಲು ತುಂಬು ಅನ್ನೋ ಕಮಾಂಡ್‌ಗಳು. ಮೊದಲು ಕೊನೇ ಸಾಲು ನೋಡಿದೆವು. ಅಲ್ಲಿ 'ಡಂಪ್ ಕಂಪ್ಲೀಟೆಡ್' ಅಂತ ತಾರೀಖು ಸಮೇತ ಇದ್ದರೆ ಫೈಲ್ ಅರ್ಧಕ್ಕೆ ನಿಂತಿಲ್ಲ ಅಂತ ಧೈರ್ಯ. ಇತ್ತು, ತಾರೀಖು ಮಾತ್ರ 19 ದಿನ ಹಳೇದು. ನಮ್ಮ ಲ್ಯಾಪ್‌ಟಾಪಿನಲ್ಲಿ ಖಾಲಿ ಡೇಟಾಬೇಸ್ ಮಾಡಿ, ಕಮಾಂಡ್ ಪ್ರಾಂಪ್ಟಿನಿಂದ ಫೈಲನ್ನು ಅದರೊಳಗೆ ಹಾಕಿದೆವು. ಆಯ್ತು ಅಂತ ಅದು ಹೇಳೋದೂ ಇಲ್ಲ, ಸುಮ್ಮನೆ ಮುಂದಿನ ಸಾಲಿಗೆ ಬಂದು ನಿಲ್ಲುತ್ತೆ.

ರೈತರ ಹೆಸರು ತೋರಿಸು ಅಂದೆವು. ಕಪ್ಪು ಪರದೆ ತುಂಬ '?????'.

"ಏನ್ ತಮ್ಮಾ, ಎಲ್ಲಾರ ಹೆಸರೂ ಹ್ವಾದುವೇನು?" ಅಂದರು ಕಾಕಾ.

ಹೋಗಿರಲೇಬೇಕು ಅಂತೇನಿಲ್ಲ. ನಾವು ಕೂತ ಕಡೆಯ ಪ್ರೋಗ್ರಾಂ ಕನ್ನಡವೇ ಇಲ್ಲದ ಹಳೇ ಕ್ಯಾರೆಕ್ಟರ್ ಸೆಟ್‌ನಲ್ಲಿ ಉತ್ತರ ಕೇಳಿದರೆ, ಸರ್ವರ್ ಪ್ರತಿ ಅಕ್ಷರದ ಬದಲು '?' ಕಳಿಸುತ್ತೆ. ಒಳಗೆ ಏನಿದೆ ಅಂತ ಗೊತ್ತಾಗೋದು ಹೆಕ್ಸ್ ಫಂಕ್ಷನ್‌ನಿಂದ. ಯುಟಿಎಫ್-8ರಲ್ಲಿ ಕನ್ನಡದ ಅಕ್ಷರ, ಕಾಗುಣಿತದ ಚಿಹ್ನೆ ಎಲ್ಲಕ್ಕೂ ಮೂರು ಮೂರು ಬೈಟ್. ಶುರುವಾಗೋದು ಇ0ಬಿ2 ಅಥವಾ ಇ0ಬಿ3ರಿಂದ. ಬರೀ 3ಎಫ್, 3ಎಫ್ ಅಂತ ಬಂದರೆ ಹೆಸರು ನಿಜಕ್ಕೂ ಹೋಯ್ತು. ನಮಗೆ ಇ0ಬಿ2 ಬಂತು! (ಇಂಗ್ಲಿಷ್ ಮೀಡಿಯಂನ ನಾವು ಕನ್ನಡವನ್ನು ಇಷ್ಟು ಖುಷಿಯಿಂದ ಯಾವತ್ತೂ ಓದಿಲ್ಲ, ಅದೂ ಅಂಕಿಗಳಲ್ಲಿ.) ಕ್ಯಾರೆಕ್ಟರ್ ಸೆಟ್ ಸರಿ ಇದ್ದ ಇನ್ನೊಂದು ಪ್ರೋಗ್ರಾಂನಲ್ಲಿ ತೆಗೆದಾಗ ಒತ್ತಕ್ಷರ ಸಮೇತ ಎಲ್ಲರೂ ಬಂದರು.

ನಮಗಿಂತ ದೊಡ್ಡವರಿಗೆ ಈ ಅದೃಷ್ಟವೂ ಇರಲಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಡೇಟಾಬೇಸ್ ಅಳಿಸಿಹೋದಾಗ ಡಂಪ್ ಫೈಲೇ ಸಿಗಲಿಲ್ಲ. ಅವರ ಡಂಪ್ ಟೂಲ್ ಪೋಸ್ಟ್‌ಗ್ರೆಸ್ 9.2ರದ್ದು, ಡೇಟಾಬೇಸ್ 9.6ರದ್ದು. ಕೊನೆಗೆ ಸುಮಾರು ಆರು ಗಂಟೆ ಹಳೆಯ ಸ್ನ್ಯಾಪ್‌ಶಾಟ್ ಕೈಹಿಡಿಯಿತು.

ನಮಗೆ ಬಾಕಿ ಇದ್ದದ್ದು 19 ದಿನ. ಬಿಲ್ ಬುಕ್ಕಿನ ಕಾರ್ಬನ್ ಪ್ರತಿ ಹಿಡಿದು ಕಾಕಾ ಓದಿದರು, ನಾವು ಟೈಪ್ ಮಾಡಿದೆವು. ಊಟದ ಹೊತ್ತಿಗೆ ಒಂಬತ್ತು ದಿನ ಮುಗಿದಿತ್ತು.