ಕರೆಂಟ್ ಹೋದ ಮೇಲಿನ ಕರೆಂಟ್

ಕಲಬುರಗಿಯಲ್ಲಿ ಪಿಯುಸಿ ಓದುವಾಗ "ಕೆಪ್ಯಾಸಿಟರ್ ಚಾರ್ಜ್ ಹಿಡಿದಿಡುತ್ತದೆ" ಎಂದು ಬರೆದು ಎರಡು ಅಂಕ ಪಡೆದಿದ್ದೆ.

ರಜೆಗೆ ಕಮಲಾಪುರಕ್ಕೆ ಬಂದೆ. ಕೆಂಪು ಬಾಳೆಗೆ ನೀರು ಬಿಡಬೇಕು. ಸಿಂಗಲ್ ಫೇಸ್ ಮೋಟಾರು ಬರೀ ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಅಪ್ಪ ಮೇನ್ ಆಫ್ ಮಾಡಿ ಸ್ಟಾರ್ಟರ್ ಡಬ್ಬಿಗೆ ಕೈ ಹಾಕಿದರು. ಶಾಕ್ ಹೊಡೆದು ಹಿಂದಕ್ಕೆ ಬಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ.

"ಕಂಡೆನ್ಸರ್‌ದಾಗ ಇನ್ನಾ ಕರೆಂಟ್ ಕುಂತಿರ್ತದ್ರಿ, ಮೊದಲ ಖಾಲಿ ಮಾಡ್ಬೇಕು" ಎಂದ ಮೆಕ್ಯಾನಿಕ್, ಅದರ ಎರಡು ತುದಿಗೆ ಬಲ್ಬಿನ ವೈರು ಮುಟ್ಟಿಸಿದ. ಬಲ್ಬು ಮಿಂಚಿ ಆರಿತು.

ಸ್ಟಾರ್ಟ್ ಬಟನ್ ಬಿಟ್ಟೊಡನೆ ಕೆಪ್ಯಾಸಿಟರ್ ಸರ್ಕಿಟ್‌ನಿಂದ ಬೇರೆಯಾಗುತ್ತದೆ. ತುಂಬಿದ ಚಾರ್ಜಿಗೆ ಹೋಗಲು ದಾರಿಯಿಲ್ಲ. 230 ವೋಲ್ಟ್ ಲೈನಿನ ಗರಿಷ್ಠ ಮಟ್ಟ ಸುಮಾರು 325. ಅಷ್ಟರವರೆಗೂ ಅದರಲ್ಲಿ ಉಳಿದಿರಬಹುದು.

ಇದೆಲ್ಲ ನನಗೆ ಗೊತ್ತಿತ್ತು, ಎರಡು ಅಂಕಕ್ಕಾಗುವಷ್ಟು. ಅಪ್ಪನ ಕೈ ಹಿಡಿದು ತಡೆಯುವಷ್ಟಲ್ಲ.