ಟೆಹಾಚಪಿಯ ಸರಕುಗಾಡಿಗಳು

ಕ್ಯಾಲಿಫೋರ್ನಿಯಾದ ಟೆಹಾಚಪಿ ಬೆಟ್ಟಗಳಲ್ಲಿ ಸದರ್ನ್ ಪೆಸಿಫಿಕ್ ಕಂಪನಿಯವರು 1876ರಲ್ಲಿ ಹಾಕಿದ ರೈಲುಮಾರ್ಗವು ಒಂದೆಡೆ ಸುರುಳಿ ಸುತ್ತಿ ತನ್ನನ್ನೇ ದಾಟಿಹೋಗುತ್ತದೆ. ಸುಮಾರು 4000 ಅಡಿಗಳನ್ನು ಮೀರಿದ ಗಾಡಿಯು ಬೆಟ್ಟವೇರುವಾಗ, ಅದರ ಮುಂಭಾಗವು ತನ್ನದೇ ಬಾಲದ ಮೇಲೆ ಸಾಗುವುದನ್ನು ಕಾಣಬಹುದು. ಏರಿನಲ್ಲಿ ವೇಗ ತಗ್ಗುವುದರಿಂದ ವ್ಯಾಗನ್‌ಗಳ ಜಾತಿ ಗುರುತಿಸುವ ಹವ್ಯಾಸಿಗಳಿಗೆ ಅದು ಒಪ್ಪುವ ಸ್ಥಳ.

ನಿವೃತ್ತ ಉಪಾಧ್ಯಾಯರೊಬ್ಬರು ಮೊಮ್ಮಗಳೊಡನೆ ಅಲ್ಲಿಗೆ ಬರುತ್ತಿದ್ದರು. ಮೊದಲ ದಿನ ಬಾಲೆಯು ಎಲ್ಲವನ್ನೂ ‘ಕಂಟೇನರ್ ಗಾಡಿ’ ಎಂದೇ ಬರೆದಳು. ಅಜ್ಜ ಅದನ್ನು ಹೊಡೆದುಹಾಕಲಿಲ್ಲ. “ಹೊರೆಯನ್ನು ಬಿಡು ಮಗು, ಹೊರುವುದನ್ನು ನೋಡು” ಎಂದರು.

ಹಾಗೆ ನೋಡಿದಾಗ ಭೇದಗಳು ತೆರೆದುಕೊಂಡವು. ಲಾರಿಯ ಟ್ರೈಲರುಗಳನ್ನು ಗಾಲಿಸಮೇತ ಹೊತ್ತು ತರುವ ಚಪ್ಪಟೆ ವ್ಯಾಗನ್ ಹಳೆಯ ಬಗೆ. ವೆಲ್ ಕಾರಿನ ನಡುಭಾಗವು ತೊಟ್ಟಿಯಂತೆ ಹಳಿಯ ಸಮೀಪಕ್ಕೆ ಇಳಿದಿರುತ್ತದೆ. ಕೆಳಗಿನ ಕಂಟೇನರ್ ಅದರಲ್ಲಿ ಕುಳಿತರೆ ಮೇಲೊಂದಕ್ಕೆ ಎಡೆ ದೊರೆಯುತ್ತದೆ. ಇದನ್ನು 1977ರಲ್ಲಿ ಮೊದಲು ರೂಪಿಸಿದವರೂ ಈ ಹಳಿ ಹಾಕಿದ ಕಂಪನಿಯವರೇ. (ಭಾರತದಲ್ಲಿ 2006ರಲ್ಲಿ ಪೀಪಾವಾವ್‌ನಿಂದ ಜೈಪುರಕ್ಕೆ ಎರಡಂತಸ್ತಿನ ಗಾಡಿ ಹೊರಟದ್ದು ತೊಟ್ಟಿಯಿಲ್ಲದ ಚಪ್ಪಟೆ ವ್ಯಾಗನ್‌ಗಳ ಮೇಲೆ.) ಸ್ಪೈನ್ ಕಾರಿಗೆ ಮೈಯೇ ಇಲ್ಲ, ಬೆನ್ನೆಲುಬಿನಂಥ ಒಂದು ತೊಲೆ, ಪಕ್ಕಕ್ಕೆ ಚಾಚಿದ ಕೆಲವು ತೋಳುಗಳು, ಅಷ್ಟೆ. ಐದು ಘಟಕಗಳು ಬೆಸೆದುಕೊಂಡ ಕಾರಿನಲ್ಲಿ ಗಾಲಿಚೌಕಟ್ಟುಗಳು ಹತ್ತಲ್ಲ, ಆರು ಮಾತ್ರ. ನೆರೆಯ ಘಟಕಗಳೆರಡು ಒಂದೇ ಚೌಕಟ್ಟನ್ನು ಹಂಚಿಕೊಳ್ಳುತ್ತವೆ. ಈ ಲೆಕ್ಕವು ಬಾಲೆಗೆ ಬಲು ಹಿಡಿಸಿತು. ಪಕ್ಕದಲ್ಲಿ ಬರೆದ ಅಕ್ಷರಗಳ ಕೊನೆಗೆ ‘ಎಕ್ಸ್’ ಇದ್ದರೆ ವ್ಯಾಗನ್ನಿನ ಒಡೆತನ ರೈಲ್ವೆ ಕಂಪನಿಯದಲ್ಲವೆಂಬುದನ್ನೂ ಅವಳು ಕಲಿತಳು.

ಆ ಅಕ್ಷರಗಳು ಅಜ್ಜನಿಗೆ ಕಾಣದಂತಾಗಿ ಬಹಳ ಕಾಲವಾಗಿತ್ತು. ಒಂದು ಸಂಜೆ ಅವರು ‘ವೆಲ್’ ಎಂದು ಹೇಳಿ ಬರೆಸಿದರು. ಬಾಲೆ ತಡವರಿಸಿದಳು.

“ತಾತ, ಕಂಟೇನರಿನ ಕೆಳಗೆ ಆಚೆಯ ಗುಡ್ಡ ಕಾಣುತ್ತಿದೆಯಲ್ಲ?”

ತೊಟ್ಟಿಯಿದ್ದರೆ ಗುಡ್ಡವು ಮರೆಯಾಗಬೇಕಿತ್ತು. ಅಜ್ಜ ಪುಸ್ತಕವನ್ನು ತೆಗೆದುಕೊಂಡು, ತಮ್ಮ ಕೈಯಿಂದಲೇ ಆ ಪದವನ್ನು ಹೊಡೆದು ‘ಸ್ಪೈನ್’ ಎಂದು ತಿದ್ದಿದರು. ಕೊನೆಯ ಮೂರು ಕಾರುಗಳು ಅಷ್ಟರಲ್ಲಿ ಸುರಂಗವನ್ನು ಹೊಕ್ಕಿದ್ದವು. ಅವೂ ಸ್ಪೈನ್ ಇರಬಹುದೆಂದು ಬಾಲೆ ಹೇಳಿದಳು. ಅಜ್ಜ ಒಪ್ಪಲಿಲ್ಲ. ಆ ಮೂರರ ಎದುರಿಗೆ ಅವಳು ದುಂಡಗಿನ ಅಕ್ಷರದಲ್ಲಿ ‘ನೋಡಲಿಲ್ಲ’ ಎಂದು ಬರೆದಳು.